ಬಾಗಿಲ ಕಡೆಯ ಬಿಲ್ಲೆಗಳು

ಬಿಡದಿಯ ನಮ್ಮ ಕಾರ್ಖಾನೆಯಲ್ಲಿ ಸೋಲಾರ್ ಪ್ಯಾನೆಲ್ಲಿನೊಳಗೆ ಸಾಲಾಗಿ ಕೂರುವ ಸಿಲಿಕಾನ್ ಬಿಲ್ಲೆಗಳು ತಯಾರಾಗುತ್ತವೆ. ಹರಡಿದ ಅಂಗೈಯಷ್ಟು ಅಗಲ, ಎರಡು ಹಾಳೆ ಕಾಗದದಷ್ಟು ದಪ್ಪ. ಕೈ ಜಾರಿದರೆ ಚೂರು ಚೂರು. ಅದಕ್ಕೇ ನಮ್ಮ ಲೈನಿನ ಹೆಂಗಸರು ಅದನ್ನು ಹಪ್ಪಳ ಎನ್ನುತ್ತಾರೆ.

ಈ ಬಿಲ್ಲೆ ಕುಲುಮೆಗೆ ಹೋಗುವಾಗ ಬೂದು ಬಣ್ಣ, ಹೊರಗೆ ಬರುವಾಗ ಗಾಢ ನೀಲಿ. ಯಾರೂ ಬಣ್ಣ ಬಳಿಯುವುದಿಲ್ಲ. ಕುಲುಮೆಯೊಳಗೆ ಅನಿಲ ಬಿಟ್ಟು, ಬಿಲ್ಲೆಯ ಮೈಮೇಲೆ ಒಂದು ಪೊರೆ ಕಟ್ಟಿಸುತ್ತೇವೆ. ಬಿದ್ದ ಬಿಸಿಲು ಹಿಂದಕ್ಕೆ ಪುಟಿದು ಹೋಗದ ಹಾಗೆ ಹಿಡಿದಿಟ್ಟುಕೊಳ್ಳುವುದು ಆ ಪೊರೆಯ ಕೆಲಸ. ತಲೆಗೂದಲನ್ನು ಸಾವಿರ ಪದರ ಸೀಳಿದರೆ ಒಂದು ಪದರ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ ದಪ್ಪ. ಎಪ್ಪತ್ತೈದರಿಂದ ಎಂಬತ್ತು ನ್ಯಾನೋಮೀಟರ್. ಅಷ್ಟಿದ್ದರೆ ನೀಲಿ. ತೆಳುವಾದರೆ ನೇರಳೆಗೆ ತಿರುಗುತ್ತದೆ, ಇನ್ನೂ ತೆಳುವಾದರೆ ಕಂದು. ದಪ್ಪವಾದರೆ ನೀಲಿ ಬಿಳಿಚಿಕೊಳ್ಳುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುತ್ತದಲ್ಲ, ಅದೇ ಲೆಕ್ಕ.

ಇಷ್ಟು ದಿನ ಈ ಬಣ್ಣ ನೋಡುತ್ತಿದ್ದದ್ದು ಆರು ಜನ ಹೆಂಗಸರ ಕಣ್ಣು. ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಒಳಗೆ ಕಳಿಸುವ ಗ್ರಾಫೈಟಿನ ಉದ್ದನೆಯ ದೋಣಿ ಕುಲುಮೆಯಿಂದ ಹೊರಗೆ ಬಂದು ತಣ್ಣಗಾದ ಮೇಲೆ, ಸರದಿಯಂತೆ ಇಬ್ಬರು ಗಾಳಿ ಹೀರುವ ಕಡ್ಡಿಯಿಂದ ಒಂದೊಂದೇ ಬಿಲ್ಲೆಯನ್ನು ಎತ್ತಿ ಬೆಲ್ಟಿಗೆ ಇಡುತ್ತಿದ್ದರು. ಬೆಲ್ಟಿನ ಆ ತುದಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಂದು ಮೇಜು. ಉಳಿದ ನಾಲ್ವರು ಅಲ್ಲಿ ಕೂತು ಬಣ್ಣ ಕೆಟ್ಟದ್ದನ್ನು ಆರಿಸಿ ತೆಗೆಯುತ್ತಿದ್ದರು. ಆರಿಸಿದ್ದು ಕ್ಯಾಸೆಟ್ ಎನ್ನುವ, ಬಿಲ್ಲೆ ಜೋಡಿಸುವ ಪೆಟ್ಟಿಗೆಯಲ್ಲಿ ಆಸಿಡ್ ತೊಟ್ಟಿಗೆ ಹೋಗಿ, ಪೊರೆ ತೊಳೆದುಕೊಂಡು, ಮತ್ತೆ ಕುಲುಮೆಗೆ ಬರುತ್ತಿತ್ತು.

ಆ ಬೆಲ್ಟಿನ ಮೇಲೆ ಒಂದು ಸೆನ್ಸರ್ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಳಗೆ ಹಾದುಹೋಗುವ ಬಿಲ್ಲೆಯ ಮೇಲೆ ಬಿಳಿ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಒಡೆದು, ಯಾವ ಬಣ್ಣ ಎಲ್ಲಕ್ಕಿಂತ ಕಡಿಮೆ ವಾಪಸು ಬಂತು ಎಂದು ನೋಡಿ, ಪೊರೆಯ ದಪ್ಪ ಹೇಳುವ ಸಾಧನ. ಹದ ತಪ್ಪಿದ ಬಿಲ್ಲೆ ಬಂದರೆ ಬೆಲ್ಟನ್ನು ನಿಲ್ಲಿಸುತ್ತದೆ. ಪೆಟ್ಟಿಗೆ ಒಡೆದ ದಿನವೇ ಪ್ಲಾಂಟ್ ಹೆಡ್ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಒಂದು ತಿಂಗಳು ಟ್ರಯಲ್ ಮಾಡಿ. ಕಣ್ಣಿಗಿಂತ ಇದೇ ಸರಿ ಅಂತ ನೀವು ಬರೆದುಕೊಟ್ರೆ ಆಮೇಲೆ ಆ ಮೇಜು ಬೇಡ. ಅವರೆಲ್ಲ ಕಂಟ್ರಾಕ್ಟಿನವರು, ತೊಂದರೆ ಆಗಲ್ಲ. ಈ ಮಾತು ಸದ್ಯಕ್ಕೆ ನಿಮ್ಮಲ್ಲೇ ಇರಲಿ."

ಇಟ್ಟುಕೊಂಡೆ. ಸೆನ್ಸರ್ ಕೂರಿಸುವುದು ನನ್ನ ಕೆಲಸ, ಮೇಜು ಎತ್ತುವುದು ಅವರ ಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಆರು ಜನರಲ್ಲಿ ಒಬ್ಬಳು ದಿನಾ ನನ್ನ ಜೊತೆಗೇ ಚನ್ನಪಟ್ಟಣದಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದಳು. ಅಕ್ಕೂರಿನವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ; ಬೆಳಗಿನ ಸೊಪ್ಪು ಹಾಕಿ ಅಕ್ಕೂರಿನಿಂದ ಬಸ್ಸು ಹಿಡಿದು ಬಂದು ನನಗೆ ಪಕ್ಕದಲ್ಲಿ ಜಾಗ ಹಿಡಿದಿರುತ್ತಿದ್ದಳು. ಎಲ್ಲರ ಬಾಯಲ್ಲಿ ಅವಳು ಅಕ್ಕೂರಕ್ಕ.

ಮೊದಲ ವಾರ ಸೆನ್ಸರ್ ನನ್ನ ಜೀವ ತಿಂದಿತು. ಅದೇ ಬಿಲ್ಲೆಯನ್ನು ಬೆಳಿಗ್ಗೆ ಇಟ್ಟರೆ ಒಂದು ಅಳತೆ, ಮಧ್ಯಾಹ್ನ ಇಟ್ಟರೆ ಇನ್ನೊಂದು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಅದರ ದೀಪ ಕಾದು ಹದಕ್ಕೆ ಬರುವುದಕ್ಕೆ ಅರ್ಧ ಗಂಟೆ ಬೇಕು. ನಾವು ಲೈನ್ ಶುರುವಾದ ಕೂಡಲೇ ಅಳೆಯುತ್ತಿದ್ದೆವು. ದೀಪವನ್ನು ಮುಂಚೆಯೇ ಹಚ್ಚುವ ಏರ್ಪಾಡಾಯಿತು. ಆಮೇಲೆ ನೋಡಿದರೆ ಚಾವಣಿಯ ಟ್ಯೂಬ್‌ಲೈಟಿನ ಬೆಳಕೂ ಒಳಗೆ ನುಸುಳುತ್ತಿತ್ತು. ಒಂದು ಮುಸುಕು ಬೇಕಿತ್ತು. ಸರಬರಾಜು ಮಾಡಿದವರನ್ನು ಕೇಳಿದರೆ ಹದಿನೈದು ದಿನ ಎಂದರು. ಅಕ್ಕೂರಕ್ಕ ಮಾರನೆಯ ದಿನ ಮನೆಯಿಂದ ಕಪ್ಪು ಲೈನಿಂಗ್ ಬಟ್ಟೆಯಲ್ಲಿ, ಎರಡು ಪದರ ಹಾಕಿ, ಅಂಚಿಗೆ ಎಲಾಸ್ಟಿಕ್ ಕೊಟ್ಟು ಹೊಲಿದು ತಂದಳು. ತೊಡಿಸಿದರೆ ಅಳತೆಗೆ ಸರಿಯಾಗಿ ಕೂತಿತು.

"ಅಳತೆ ಯಾವಾಗ ತಗೊಂಡ್ಯಕ್ಕ?" ಅಂದೆ.

"ಕಣ್ಣಲ್ಲೇ ಕಣವ್ವ. ಇನ್ನೇನು ಅದ್ರ ಮೈಗೆ ಟೇಪ್ ಸುತ್ತಕಾಯ್ತದಾ?" ಅಂದಳು. ಅವಳ ಪಕ್ಕದವಳು, ರಾಮನಗರದ ಹುಡುಗಿ, "ಈಗ ನೋಡಿ ಮೇಡಂ, ಸೀಮಂತದ ಹೆಣ್ಣಂಗೆ ಸೆರಗು ವೊದ್ಕೊಂಡು ಕೂತದೆ," ಎಂದಳು. ಎಲ್ಲರೂ ನಕ್ಕೆವು.

ಮುಸುಕು ತೊಡಿಸಿದ ಮೇಲೆ ಅಳತೆ ಅತ್ತಿತ್ತ ಆಡದೆ ಒಂದೇ ಕಡೆ ನಿಂತಿತು. ಆದರೆ ಬೆಲ್ಟು ನಿಲ್ಲುವುದು ನಿಲ್ಲಲಿಲ್ಲ. ಪ್ರತಿ ದೋಣಿಯಲ್ಲೂ ಎರಡೋ ಮೂರೋ ಬಿಲ್ಲೆ ತೆಳು ಎಂದು ಸೆನ್ಸರ್ ಹೇಳುವುದು, ಬೆಲ್ಟು ನಿಲ್ಲುವುದು, ನಾನು ಓಡಿ ಹೋಗಿ ಮತ್ತೆ ಚಾಲೂ ಮಾಡುವುದು. ಒಂದು ಬೆಳಿಗ್ಗೆ ಪ್ಲಾಂಟ್ ಹೆಡ್ ಹೊರಗಿನ ನಾಲ್ಕು ಜನರನ್ನು ಕರೆದುಕೊಂಡು ಲೈನ್ ತೋರಿಸಲು ಬಂದರು. ಅವರು ಅಲ್ಲಿ ನಿಂತಿದ್ದ ಹೊತ್ತಿನಲ್ಲೇ ಬೆಲ್ಟು ಮೂರು ಸಲ ನಿಂತಿತು. ಪ್ಲಾಂಟ್ ಹೆಡ್ ಕನಕಪುರದ ಕಡೆಯವರು. ಆಫೀಸಿನಲ್ಲಿ ನಯವಾಗಿ ಮಾತಾಡುತ್ತಾರೆ, ಸಿಟ್ಟು ಬಂದರೆ ಊರಿನ ಮಾತು ಬರುತ್ತದೆ.

"ಏನ್ ತಾಯಿ ಇದು? ಹಟ ಮಾಡೋ ಎತ್ತಿನಂಗೆ ಹೆಜ್ಜೆಹೆಜ್ಜೆಗೂ ಕೂತ್ಕೊತದಲ್ಲ. ನಿಮ್ಮನ್ನ ನಂಬ್ಕೊಂಡು ನಾನು ಇವರ ಮುಂದೆ ಮಖ ಎತ್ಕೊಂಡು ಓಡಾಡೋದು ಎಂಗೆ?"

ಲೈನಿಗೆ ಲೈನೇ ಕೇಳಿಸಿಕೊಂಡಿತು. ನಾನು ತಲೆ ತಗ್ಗಿಸಿ ಕೀಬೋರ್ಡು ನೋಡುತ್ತ ನಿಂತೆ.

ಅದಾದ ಎರಡೇ ದಿನಕ್ಕೆ ಬೆಲ್ಟು ನಿಲ್ಲುವುದು ನಿಂತುಹೋಯಿತು.

ಮೊದಲು ನಂಬಲಿಲ್ಲ. ತಂತಿ ಕಿತ್ತಿದೆಯೇನೋ ಎಂದು ನೋಡಿದೆ, ಇಲ್ಲ. ಗೊತ್ತಿರುವ ದಪ್ಪದ ಮಾದರಿ ಬಿಲ್ಲೆಯನ್ನು ಇಟ್ಟು ನೋಡಿದೆ, ಸರಿಯಾಗಿ ಓದಿತು. ಪರದೆಯ ಮೇಲಿನ ಗೆರೆ ದಾರ ಹಿಡಿದು ಎಳೆದ ಹಾಗೆ ನೇರ. ಆ ತುದಿಯ ಮೇಜಿನವರೂ ಬಣ್ಣ ಕೆಟ್ಟದ್ದು ಒಂದೂ ಸಿಗಲಿಲ್ಲ ಎಂದು ಬರೆಯತೊಡಗಿದರು. ಕಣ್ಣೂ ಸೆನ್ಸರೂ ಒಂದೇ ಮಾತು ಹೇಳುತ್ತಿವೆ ಎಂದಮೇಲೆ ಇನ್ನೇನು ಬೇಕು? ಕುಲುಮೆ ತಾನಾಗಿ ಹದಕ್ಕೆ ಬಂದಿದೆ, ನನ್ನ ದೀಪದ ಉಪಾಯ ಫಲಿಸಿದೆ ಎಂದುಕೊಂಡೆ. ದಿನದ ಕೊನೆಗೆ ಗೋಡೆಯ ಬೋರ್ಡಿನ ಮೇಲೆ 'ರಿಜೆಕ್ಟ್: ೦' ಎಂದು ಬರೆಯುವಾಗ ಸೊನ್ನೆಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆಯುತ್ತಿದ್ದೆ. ಪ್ಲಾಂಟ್ ಹೆಡ್ ಹಾದುಹೋಗುವಾಗ ತಲೆದೂಗಿ, "ರಿಪೋರ್ಟು ಶುರು ಮಾಡ್ಕೊಳ್ಳಿ," ಎಂದರು.

ಸಂಜೆ ಬಸ್ಸಿನಲ್ಲಿ ಅಕ್ಕೂರಕ್ಕ ಕೇಳಿದಳು. "ಈಗ ಒಸಿ ನಿದ್ದೆ ಬತ್ತದಾ ನಿಂಗೆ?"

"ಬರುತ್ತೆ ಅಕ್ಕ."

"ಮಿಶನ್ನು ಪಾಸಾಗ್ಬುಟ್ರೆ ನಿಂಗೆ ಪ್ರಮೋಷನ್ನು ಗಿಮೋಷನ್ನು ಕೊಡ್ತಾರಾ?"

"ಹಾಗೇನಿಲ್ಲ."

"ಕೊಡ್ಲಿ ಬುಡವ್ವ. ಕಷ್ಟಪಟ್ಟಿದೀಯ." ಎಂದು ಹೇಳಿ ಕೆಂಗಲ್ ಬಂದಾಗ ಹನುಮಂತರಾಯನಿಗೆ ಕೈ ಮುಗಿದಳು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಅವಳ ಮೇಜಿನ ವಿಷಯ ಹೇಳಲಿಲ್ಲ.

ತಿಂಗಳು ಮುಗಿಯಲು ಇನ್ನೊಂದು ವಾರವಿತ್ತು. ಕ್ಯಾಂಟೀನಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಕೂತಿದ್ದಾಗ ಆಸಿಡ್ ತೊಟ್ಟಿಯ ಮೇಸ್ತ್ರಿ ಬಂದು ಎದುರಿಗೆ ಕೂತರು. ಮಾಗಡಿಯವರು. ದಿನವೆಲ್ಲ ರಬ್ಬರಿನ ಗೌಸು, ಮುಖದ ಕವಚ ಹಾಕಿಕೊಂಡು ಒಂಟಿಯಾಗಿ ಕೆಲಸ ಮಾಡುವುದರಿಂದ ಊಟದ ಹೊತ್ತಿನಲ್ಲಿ ಎಲ್ಲ ಮಾತನ್ನೂ ಒಟ್ಟಿಗೆ ಆಡಿಬಿಡುತ್ತಾರೆ.

"ಏನ್ ಮೇಡಂ, ನಿಮ್ ಬೋರ್ಡಲ್ಲಿ ದಿನಾ ಸೊನ್ನೆ ಸುತ್ತುತೀರ. ನನ್ ತೊಟ್ಟಿಗೆ ಮಾತ್ರ ಹಪ್ಪಳ ಬತ್ತಾನೇ ಅವೆ. ಆಕಾಶದಿಂದ ಉದುರ್ತವಾ?"

"ಹಳೇ ಸ್ಟಾಕ್ ಇರಬೇಕು."

"ಹಳೇದಾ? ಕ್ಯಾಸೆಟ್ಟಿನ ಚೀಟಿ ಮ್ಯಾಲೆ ಆಯಾ ದಿನದ ತಾರೀಕೇ ಐತಲ್ಲ. ಅದೂ ಮೊದ್ಲಿಗಿಂತ ಜಾಸ್ತಿ. ಬೇಕಾದ್ರೆ ನನ್ ಬುಕ್ಕು ನೋಡಿ."

ಇಡ್ಲಿ ಅರ್ಧಕ್ಕೆ ಬಿಟ್ಟು ಅವರ ಜೊತೆ ಹೋದೆ. ಎಣ್ಣೆ ಕಲೆಯ ಒಂದು ನೋಟ್‌ಬುಕ್ಕು. ದಿನಕ್ಕೊಂದು ಸಾಲು, ಅಷ್ಟೇ. ಸೆನ್ಸರ್ ಶಾಂತವಾದ ದಿನದಿಂದ ಇವತ್ತಿನವರೆಗೆ ಪ್ರತಿ ಸಾಲಿನ ಅಂಕಿ ಹಿಂದಿನದಕ್ಕಿಂತ ಚೂರು ದೊಡ್ಡದು. ನನ್ನ ನೇರ ಗೆರೆಯ ಪಕ್ಕದಲ್ಲಿ ಇದನ್ನು ಇಟ್ಟರೆ ಎರಡರಲ್ಲಿ ಒಂದು ಸುಳ್ಳು. ಮೇಸ್ತ್ರಿಗೆ ಸುಳ್ಳು ಬರೆದು ಆಗಬೇಕಾದ್ದು ಏನೂ ಇರಲಿಲ್ಲ.

ಆ ಮಧ್ಯಾಹ್ನ ಸೆನ್ಸರಿನ ಪರದೆ ಬಿಟ್ಟು, ದೋಣಿ ಇಳಿಸುವ ಕಡೆ ಒಂದು ಕಂಬಕ್ಕೆ ಒರಗಿ ನಿಂತೆ. ಸರದಿ ಅಕ್ಕೂರಕ್ಕನದು ಮತ್ತು ರಾಮನಗರದ ಹುಡುಗಿಯದು. ಅಕ್ಕೂರಕ್ಕ ಬಲಗೈಯ ಕಡ್ಡಿಯಿಂದ ಬಿಲ್ಲೆ ಎತ್ತುತ್ತಾಳೆ, ಬೆಳಕಿಗೆ ಒಂದು ಸಲ ವಾಲಿಸುತ್ತಾಳೆ, ಬೆಲ್ಟಿಗೆ ಇಡುತ್ತಾಳೆ. ಎತ್ತುತ್ತಾಳೆ, ವಾಲಿಸುತ್ತಾಳೆ, ಇಡುತ್ತಾಳೆ. ನಡುವೆ ಒಂದನ್ನು ವಾಲಿಸಿದವಳು ಬೆಲ್ಟಿಗೆ ಇಡಲಿಲ್ಲ. ಕೈ ತಾನಾಗಿ ಕೆಳಗೆ ಹೋಗಿ ಮಣೆಯ ಅಡಿಯಲ್ಲಿದ್ದ ಕ್ಯಾಸೆಟ್ಟಿಗೆ ಅದನ್ನು ಸೇರಿಸಿತು. ಮಾತು ನಿಲ್ಲಿಸಲಿಲ್ಲ, ಆ ಕಡೆ ನೋಡಲೂ ಇಲ್ಲ.

ಹತ್ತಿರ ಹೋದೆ. "ಅಕ್ಕ, ಇವ್ಯಾವು?"

"ಜಳ್ಳು ಕಣವ್ವ. ಆರ್ಸಿಟ್ಟಿವ್ನಿ. ಸಂಜೆಗೆ ತೊಟ್ಟಿಗೆ ಕಳಿಸ್ತೀವಿ." ಮುಚ್ಚುಮರೆ ಇಲ್ಲ.

"ಬೆಲ್ಟಿಗೆ ಯಾಕೆ ಬಿಡಲ್ಲ?"

ಅವಳು ನನ್ನನ್ನು ನೋಡಿದ ರೀತಿ, ಅನ್ನಕ್ಕೆ ಅಕ್ಕಿ ಯಾಕೆ ಆರಿಸುತ್ತೀಯ ಎಂದು ನಾನು ಕೇಳಿದ ಹಾಗಿತ್ತು. "ರೇಷ್ಮೆ ಗೂಡು ಮಾರ್ಕೆಟ್ಗೆ ತಕ್ಕೊಂಡೋಗೋವಾಗ ಜಳ್ಳು ಗೂಡು, ಕಲೆ ಗೂಡು, ಜೋಡಿ ಗೂಡು ಎಲ್ಲಾ ಆರ್ಸಿ ತೆಗ್ದೇ ಅಲ್ವ ಸುರಿಯೋದು? ನೂಲು ತೆಗ್ಯೋ ರೀಲರ್ ಬಂದು ಕೈಯಿಕ್ಕಿದಾಗ ಒಂದು ಜಳ್ಳು ಸಿಕ್ಕುದ್ರೂ ಇಡೀ ಮಾಲ್ಗೇ ಹೆಸ್ರು ಕೆಡ್ತದೆ. ಅಂಗೇ ಮುಂದಿಟ್ರೆ ನಮ್ಗೇ ಮಾನಗೇಡು."

"ಇಲ್ಲಿ ರೀಲರ್ ಯಾರಕ್ಕ?"

ಗದ್ದವೆತ್ತಿ ಸೆನ್ಸರ್ ತೋರಿಸಿದಳು. "ಅದೇ. ಅದ್ರ ಕಣ್ಣಿಗೆ ಬೀಳೋಕೆ ಮುಂಚೆ ಆರ್ಸಬೇಕಲ್ಲ."

ರಾಮನಗರದ ಹುಡುಗಿ ನಡುವೆ ಬಾಯಿ ಹಾಕಿದಳು. "ಅವತ್ತು ನಿಮ್ಗೆ ಎಲ್ರ ಮುಂದೆ ಅಂಗೆ ಅಂದ್ಬುಟ್ರಲ್ಲ ಮೇಡಂ, ನಮ್ಗೆ ಊಟನೇ ಸೇರಲಿಲ್ಲ. ನಿಲ್ದಂಗೆ ನೋಡ್ಕಳವ ಅಂತ ಆರೂ ಜನ ಮಾತಾಡ್ಕೊಂಡ್ವು. ಸರದಿ ಯಾರ್ದಾದ್ರೂ ಆರ್ಸಿ ಬುಡ್ತೀವಿ. ಆಮ್ಯಾಕೆ ಒಂದ್ಸಲನಾದ್ರೂ ನಿಲ್ತಾ?"

ನಿಂತಿರಲಿಲ್ಲ. ಹತ್ತು ಹನ್ನೆರಡು ದಿನದಿಂದ ನನ್ನ ಸೆನ್ಸರ್ ಆರಿಸಿಟ್ಟ ಅಕ್ಕಿಯನ್ನು ನೋಡಿ ಇದರಲ್ಲಿ ಕಲ್ಲಿಲ್ಲ ಎಂದು ಹೇಳುತ್ತಿತ್ತು. ನಾನು ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಆ ಕ್ಯಾಸೆಟ್ಟನ್ನು ಎತ್ತಿಕೊಂಡು ಹೋಗಿ ಬೆಲ್ಟು ಖಾಲಿಯಿದ್ದಾಗ ಒಂದೊಂದನ್ನೇ ಸೆನ್ಸರಿನ ಕೆಳಗೆ ಇಟ್ಟೆ. ಅರವತ್ತೊಂಬತ್ತು. ಅರವತ್ತೇಳು. ಅರವತ್ತಾರು. ಎಲ್ಲವೂ ತೆಳು, ಎಲ್ಲವೂ ನೇರಳೆ. "ಇವು ದೋಣಿಯ ಯಾವ ಕಡೆಯವು, ನೆನಪಿದೆಯಾ?" ಎಂದು ಕೇಳಿದೆ.

"ಇನ್ಯಾವು, ಕುಲುಮೆ ಬಾಗ್ಲ ಕಡೆವೇ. ಮೊದ್ಲು ದೋಣಿಗೆ ಎರಡು ಮೂರು ಇರ್ತಿದ್ವು. ಈಗ ಹತ್ತತ್ರ ಹತ್ತು. ದಿನ್ದಿನ ಒಳಕ್ಕೆ ಸರೀತಾ ಅವೆ."

"ಯಾರಿಗೂ ಹೇಳಲಿಲ್ವ?"

"ಯಾರ್ ಕೇಳಿದ್ರು?"

ಸೆನ್ಸರ್ ಇಟ್ಟಿದ್ದೇ ಇದನ್ನು ಕಂಡುಹಿಡಿಯುವುದಕ್ಕೆ. ಒಂದು ಬಿಲ್ಲೆ ಕೆಟ್ಟಿದೆ ಎಂದು ಹೇಳುವುದಕ್ಕಲ್ಲ, ಕುಲುಮೆ ಯಾವ ಕಡೆಗೆ ವಾಲುತ್ತಿದೆ ಎಂದು ಮುಂಚೆಯೇ ಹೇಳುವುದಕ್ಕೆ. ಬಾಗಿಲ ಕಡೆಯಲ್ಲಿ ಏನೋ ಕೆಡುತ್ತಿತ್ತು, ಕೆಡುಕು ಒಳಕ್ಕೆ ಹಬ್ಬುತ್ತಿತ್ತು. ರಿಪೇರಿಯವರು ಹೇಳಿದ್ದು ಒಂದೇ ಮಾತು: ಕುಲುಮೆ ತಣ್ಣಗೆ ಮಾಡಿ ಬಿಚ್ಚಿ ನೋಡಬೇಕು, ಅದಕ್ಕೆ ಒಂದೂವರೆ ದಿನ ಬೇಕು, ಪ್ಲಾಂಟ್ ಹೆಡ್ ಸಹಿ ಬೇಕು. ನೇರ ಗೆರೆಯ ಗ್ರಾಫು ಕೈಯಲ್ಲಿ ಹಿಡಿದುಕೊಂಡು ಕುಲುಮೆ ನಿಲ್ಲಿಸಿ ಎಂದು ಅವರನ್ನು ಕೇಳುವುದು ಹೇಗೆ? ಕೇಳಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ನನ್ನ ತಿಂಗಳು ಹೋಯಿತು, ಅದು ದೊಡ್ಡದಲ್ಲ. ಟ್ರಯಲ್ಲಿನಲ್ಲಿ ಕೈಯಾಡಿಸಿದರು ಎಂದು ಆ ಆರು ಜನರನ್ನು ನಾಳೆಯೇ ಗೇಟಿನ ಹೊರಗೆ ಕಳಿಸಬಹುದು. ಸುಮ್ಮನಿದ್ದು ರಿಪೋರ್ಟಿಗೆ ಸಹಿ ಹಾಕಿದರೆ ಮುಂದಿನ ತಿಂಗಳು ಕಳಿಸುತ್ತಾರೆ. ಎರಡು ದಾರಿಯಲ್ಲೂ ಅಕ್ಕೂರಕ್ಕನೇ ಬೀದಿಗೆ. ಮುಸುಕು ಹೊಲಿದುಕೊಟ್ಟವಳು, ಆರಿಸಿ ಕೊಟ್ಟವಳು.

ಪ್ಲಾಂಟ್ ಹೆಡ್ಡಿಗೆ ಹೇಳುವುದಕ್ಕೆ ಮುಂಚೆ ಅವಳಿಗೆ ಹೇಳಬೇಕು ಎಂದು ತೀರ್ಮಾನಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಯೋಚಿಸಿ ಮಾಡಿದ ಕೆಲಸ ಅದೊಂದೇ ಇರಬೇಕು.

ಸಂಜೆ ಬಸ್ಸಿನಲ್ಲಿ, ಬಿಡದಿ ದಾಟಿದ ಮೇಲೆ ಹೇಳಿದೆ. ಮೊದಲ ದಿನ ಕೋಣೆಯಲ್ಲಿ ಆಡಿದ ಮಾತು, ಸೆನ್ಸರ್ ಪಾಸಾದರೆ ಮೇಜು ಇರುವುದಿಲ್ಲ ಎನ್ನುವುದು, ನನಗೆ ಇದೆಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎನ್ನುವುದು. ಅವಳು ಸೀಟಿನ ಮುಂದಿನ ಕಂಬಿಯನ್ನು ಹಿಡಿದುಕೊಂಡು ಕೇಳಿದಳು. ರಾಮನಗರದಲ್ಲಿ ಅರ್ಧ ಬಸ್ಸು ಇಳಿಯಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಅಂದ್ರೆ ನಮ್ ಅನ್ನದ ತಟ್ಟೆನ ನಾವೇ ತೊಳ್ದು ಅದ್ಕೆ ಇಟ್ಕೊಟ್ವು."

"ಹೌದಕ್ಕ."

"ಮೊದ್ಲೇ ಯೋಳಿದ್ರೆ ಆರಿಸ್ತಿರ್ನಿಲ್ಲ." ಕಂಬಿಯ ಮೇಲಿದ್ದ ತನ್ನ ಕೈ ನೋಡಿದಳು. "ಇಲ್ಲ ಬುಡು, ಆರಿಸ್ತಿದ್ದೆ. ಈ ಕೈ ನನ್ ಮಾತು ಕೇಳಕಿಲ್ಲ. ಆದ್ರೂ ನೀನು ಯೋಳ್ಬೇಕಿತ್ತು ಕಣವ್ವ. ದಿನಾ ಪಕ್ಕದಲ್ಲೇ ಕೂತಿರ್ತೀಯ."

ಅವತ್ತು ಕೆಂಗಲ್ ಬಂದು ಹೋದದ್ದು ಅವಳೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿಯ ನೋಟ್‌ಬುಕ್ಕು, ನೇರಳೆ ಬಿಲ್ಲೆಗಳ ಕ್ಯಾಸೆಟ್ಟು ಎರಡನ್ನೂ ಪ್ಲಾಂಟ್ ಹೆಡ್ಡಿನ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಗ್ರಾಫು ನೋಡಿದರು, ನೋಟ್‌ಬುಕ್ಕು ನೋಡಿದರು, ಒಂದು ಬಿಲ್ಲೆ ಎತ್ತಿ ಕಿಟಕಿಗೆ ಹಿಡಿದರು.

"ಯಾರು ಮಾಡಿದ್ದು ಇದನ್ನ?"

"ಮೋಸ ಯಾರೂ ಮಾಡಿಲ್ಲ ಸಾರ್. ಬಿಲ್ಲೆ ಎತ್ತೋರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ನಾನು ಒಂದು ಮಾತೂ ಹೇಳಿರಲಿಲ್ಲ. ಕೆಟ್ಟದ್ದನ್ನ ಆರಿಸಿ ಅಂತ ಇಷ್ಟು ವರ್ಷ ನಾವೇ ಹೇಳಿಕೊಟ್ಟಿದ್ದೀವಿ. ಆರಿಸಿದ್ದಾರೆ."

"ಹೆಸರು ಕೇಳ್ತಿದೀನಿ."

"ಹೆಸರು ಬರೀಬೇಕು ಅಂದ್ರೆ ನನ್ನದು ಬರೀರಿ. ಟ್ರಯಲ್ ನನ್ನದು."

ಅವರು ಬಿಲ್ಲೆಯನ್ನು ಕೆಳಗಿಡುವಾಗ ಅದು ಮೂಲೆಯಲ್ಲಿ ಮುರಿಯಿತು. ಮುರಿದ ಚೂರನ್ನು ಬೆರಳಿನಿಂದ ಆಚೆ ಈಚೆ ತಳ್ಳುತ್ತ ಕೂತರು. "ಇದು ಇಂಗೇ ಇನ್ನೊಂದು ತಿಂಗಳು ಹೋಗಿದ್ರೆ ಅರ್ಧ ದೋಣಿ ತೊಟ್ಟಿಗೆ ಹೋಗಿರೋದು," ಎಂದರು, ನನಗಲ್ಲ, ತಮಗೇ. ಆಮೇಲೆ ಕುಲುಮೆ ನಿಲ್ಲಿಸುವ ಚೀಟಿಗೆ ಸಹಿ ಹಾಕಿ ನನ್ನ ಕಡೆ ಸರಿಸಿದರು. "ತಿಂಗಳು ಮತ್ತೆ ಮೊದಲಿಂದ. ಈ ಸಲ ಮಧ್ಯದಲ್ಲಿ ಯಾರ ಕೈನೂ ಬರಕೂಡದು. ಕೇಳಿಸ್ತಾ?"

ಕುಲುಮೆ ಬಿಚ್ಚಿದಾಗ ಸಿಕ್ಕಿದ್ದು ಸಣ್ಣ ಸಂಗತಿ. ಅನಿಲ ಬಿಡುವ ಕೊಳವೆಯ ಉದ್ದಕ್ಕೂ ತೂತುಗಳಿರುತ್ತವೆ. ಬಾಗಿಲ ಕಡೆಯ ಎರಡು ತೂತಿನ ಬಾಯಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಅರ್ಧ ಮುಚ್ಚಿದ್ದವು. ಮೂರನೆಯದಕ್ಕೂ ಹಿಡಿಯಲು ಶುರುವಾಗಿತ್ತು. ಕೊಳವೆ ಬದಲಿಸಿದರು. ಮೊದಲ ದೋಣಿ ಹೊರಬಂದಾಗ ಬಾಗಿಲ ಕಡೆಯಿಂದ ಆ ತುದಿಯವರೆಗೂ ಒಂದೇ ನೀಲಿ.

ಎರಡನೆಯ ಟ್ರಯಲ್ ಶುರುವಾಗುವ ಹಿಂದಿನ ದಿನ ಆರೂ ಜನರನ್ನು ಕೂರಿಸಿಕೊಂಡು, ಸೆನ್ಸರಿಗೂ ಮೇಜಿಗೂ ಏನು ಸಂಬಂಧ ಎಂದು ಬಿಚ್ಚಿ ಹೇಳಿದೆ. ಹೇಳಬಾರದೆಂದು ಈ ಸಲ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಮೇಜಿನ ಒಬ್ಬಳಿಗೆ ಸಿಟ್ಟು ಬಂತು. "ಅಂಗಾದ್ರೆ ಹಪ್ಪಳದ ಮ್ಯಾಲೆ ಬೆರಳು ಒತ್ತಿ ಒತ್ತಿ ಬುಡಿ. ನಾಕ್ ದಿನ ಬೆಲ್ಟು ನಿಂತ್ರೆ ಅವ್ರೇ ಕಿತ್ತು ಗುಜರಿಗೆ ಆಕ್ತಾರೆ." ನಾನು ಅಲ್ಲೇ ಇದ್ದೇನೆ ಎನ್ನುವುದನ್ನು ಅವಳು ಲೆಕ್ಕಕ್ಕಿಡಲಿಲ್ಲ. ಅಕ್ಕೂರಕ್ಕ ಅಂದಳು, "ನೀನು ಒತ್ತಿಯೇನೋ. ಕೆಡಿಸಿ ಮುಂದಿಡೋಕೆ ನನ್ ಕೈ ಬಗ್ಗಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಆರ್ಸೋದೂ ಬ್ಯಾಡ ಅಂತೀಯ. ಸುಮ್ನೆ ಎತ್ತಿಡೋದೂ ನನ್ ಕೈಲಾಗಕಿಲ್ಲ. ನೋಡಿದ್ದು ಬಾಯಲ್ಲಿ ಯೋಳ್ತೀನಿ, ನೀನು ಬರ್ಕೋ. ಆಮ್ಯಾಕೆ ಅದು ಏನಂತದೆ ಅಂತ ತಾಳೆ ನೋಡು," ಎಂದಳು.

ನನ್ನ ತಲೆಗೆ ಬರಬೇಕಿದ್ದ ಉಪಾಯ. ಹಾಗೇ ಮಾಡಿದೆವು. ಅವಳು ಎತ್ತಿ, ವಾಲಿಸಿ, "ಸರಿ... ಸರಿ... ತೆಳ್ಳಗೆ... ಸರಿ... ಕಲೆ," ಎನ್ನುತ್ತಿದ್ದಳು. ಪರದೆಗೆ ಬೆನ್ನು ಹಾಕಿ ಕೂತು ನಾನು ಬರೆಯುತ್ತಿದ್ದೆ. ಬೆಲ್ಟು ನಿಲ್ಲಿಸುವ ತಂತಿಯನ್ನು ಬಿಡಿಸಿಟ್ಟು, ಸೆನ್ಸರ್ ತನ್ನ ಪಾಡಿಗೆ ತಾನು ಬರೆದುಕೊಳ್ಳುವಂತೆ ಮಾಡಿದ್ದೆ. ಸಂಜೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ತಿಂಗಳು ಕಳೆಯುವ ಹೊತ್ತಿಗೆ ಎರಡು ವಿಷಯ ಸ್ಪಷ್ಟವಾದವು. ಒಂದು ವಾರ ಪೊರೆ ಎಲ್ಲ ಬಿಲ್ಲೆಗಳಲ್ಲೂ ಒಟ್ಟಿಗೆ, ದಿನಕ್ಕೆ ಇಷ್ಟಿಷ್ಟೇ ತೆಳುವಾಗುತ್ತ ಬಂತು. ಸೆನ್ಸರ್ ಎರಡನೆಯ ದಿನವೇ ಹೇಳಿತು. ಆರು ಜನರಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ತೋರಿಸಿದಾಗ ಅಕ್ಕೂರಕ್ಕ ಒಪ್ಪಿಕೊಂಡಳು: "ಎಲ್ಲಾ ಒಂದೇ ಸಮ ಬಡವಾದ್ರೆ ಯಾವುದ್ರ ಪಕ್ಕ ಇಟ್ಟು ನೋಡದು? ಇದು ಅದ್ರ ಕೆಲಸ ಬುಡು, ನಮ್ದಲ್ಲ."

ಇನ್ನೊಂದು, ಅವಳು ಮತ್ತೆ ಮತ್ತೆ "ಅಂಚು ಬಿಳಿ" ಎಂದ ಬಿಲ್ಲೆಗಳನ್ನು ಸೆನ್ಸರ್ ಸರಿ ಎಂದು ಬಿಟ್ಟಿತ್ತು. ಅದು ನೋಡುವುದು ಬಿಲ್ಲೆಯ ನಡುವಿನ ಒಂದೇ ಚುಕ್ಕೆಯನ್ನು, ಕಡಲೆಕಾಳಿನಷ್ಟು ಜಾಗ. ಅದರ ಆಚೆ ಏನಾದರೂ ಅದಕ್ಕೆ ತಿಳಿಯದು.

ರಿಪೋರ್ಟು ಬರೆಯಲು ಮೂರು ದಿನ ತೆಗೆದುಕೊಂಡೆ. ಸೆನ್ಸರ್ ಬೇಕು ಎಂದು ಬರೆದೆ, ಯಾಕೆಂದರೆ ಬೇಕು. ಒಂದೇ ಚುಕ್ಕೆ ನೋಡುವ ಸೆನ್ಸರನ್ನು ನಂಬಿ ಮೇಜು ತೆಗೆಯಲಾಗದು, ಐದು ಚುಕ್ಕೆ ನೋಡುವಂಥದ್ದು ಬಂದು ಅದರ ಟ್ರಯಲ್ ಮುಗಿಯುವವರೆಗೆ ಮೇಜು ಇರಬೇಕು ಎಂದು ಬರೆದೆ. ದಿನಾ ಬೆಳಿಗ್ಗೆ ಮಾದರಿ ಬಿಲ್ಲೆ ಇಟ್ಟು ಸೆನ್ಸರಿನ ಅಳತೆ ಪರೀಕ್ಷಿಸುವ ಕೆಲಸವನ್ನು ಮೇಜಿನವರಿಗೇ ಕಲಿಸಿ ಅವರನ್ನು ಖಾಯಂ ಮಾಡಬೇಕು ಎಂದೂ ಸೇರಿಸಿದೆ. ಪ್ಲಾಂಟ್ ಹೆಡ್ ಓದಿ, ಖಾಯಂ ಎನ್ನುವ ಕಡೆ ಪೆನ್ನು ಊರಿ, "ಇಬ್ಬರನ್ನ ಖಾಯಂ ಮಾಡಿ ಅಂತ ಮೇಲಿನವರನ್ನ ಕೇಳಿ ನೋಡ್ತೀನಿ. ಮಾತು ಕೊಡಲ್ಲ. ಮಿಕ್ಕಿದ್ದು ಆಮೇಲೆ," ಎಂದರು. ಮೇಜು ಉಳಿಯಿತು. ಐದು ಚುಕ್ಕೆಯ ಸೆನ್ಸರಿಗೆ ನಕ್ಷೆ ಮಾಡಲು ನನಗೇ ಹೇಳಿದರು.

ನಕ್ಷೆಯ ಹಾಳೆಯನ್ನು ಲೈನಿಗೆ ತಂದು ಅಕ್ಕೂರಕ್ಕನಿಗೆ ಎಲ್ಲವನ್ನೂ ಹೇಳಿದೆ. ಉಳಿದದ್ದು, ಉಳಿಯದೆ ಹೋಗಬಹುದಾದ್ದು, ಇಬ್ಬರು ಎಂದದ್ದು.

"ಅದು ಬರೋಗಂಟ ಅಂದ್ರೆ ಎಲ್ಲೀಗಂಟ?"

"ಗೊತ್ತಿಲ್ಲ ಅಕ್ಕ. ಆರು ತಿಂಗಳು ಆಗಬಹುದು, ವರ್ಷ ಆಗಬಹುದು. ಗೊತ್ತಾದ ದಿನ ನಿಂಗೇ ಮೊದಲು ಹೇಳ್ತೀನಿ."

ಅವಳು ಗೌಸು ಕಳಚಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನಾನು ಚೌಕ ಬರೆದು, ನಡುವೆ ಒಂದು, ನಾಲ್ಕು ಮೂಲೆಯ ಹತ್ತಿರ ಒಂದೊಂದು ಚುಕ್ಕೆ ಇಟ್ಟಿದ್ದೆ.

"ಇದೇನು, ಅದು ಎಲ್ಲೆಲ್ಲಿ ನೋಡ್ಬೇಕು ಅಂತಾನಾ?"

"ಹೌದು."

"ಮೂಲೆ ತಪ್ಪು. ಮೂಲೆ ಕೆಡಕಿಲ್ಲ, ಮೂಲೆ ಮೂಲೆ ನಡುವ್ಲ ಅಂಚು ಕೆಡೋದು. ಇಲ್ಲಿ, ಇಲ್ಲಿ, ಇಲ್ಲಿ. ಕೆಳಗಡೆ ದೋಣಿಲಿ ಹಪ್ಪಳ ನಿಲ್ಸೋ ಮೊಳೆ ತಾಕ್ತದಲ್ಲ, ಒಸಿ ಒಳಕ್ಕೆ ಇಲ್ಲೊಂದು."

"ಅಕ್ಕ," ಅಂದೆ. "ಇದನ್ನ ನೀನು ಸರಿಯಾಗಿ ಹೇಳ್ಕೊಟ್ರೆ ಏನಾಗುತ್ತೆ ಅಂತ ಗೊತ್ತಲ್ಲ?"

"ಗೊತ್ತು ಕಣವ್ವ. ಈಗ ಯೋಳಿದೀಯಲ್ಲ." ಬೆರಳು ಹಾಳೆಯ ಮೇಲೇ ಇತ್ತು. ಹಿಂದೆ ದೋಣಿ ಬಂದು ನಿಂತ ಸದ್ದಾಯಿತು, ರಾಮನಗರದ ಹುಡುಗಿ ಕರೆದಳು. ಅವಳು ಅವಸರ ಮಾಡಲಿಲ್ಲ. ಚೌಕದ ನಡುವೆ ನಾನು ಇಟ್ಟಿದ್ದ ಚುಕ್ಕೆಯನ್ನು ಉಗುರಿನಿಂದ ಕೆರೆದಳು.

"ಇದ್ನ ತೆಗ್ದು ಆ ನಾಕನೇ ಅಂಚಿಗೆ ಇಡು. ನಡು ತೆಳ್ಳಗಾದ್ರೆ ಅಂಚೂ ತೆಳ್ಳಗಾಗೇ ಇರ್ತದೆ, ಅದ್ನ ಬ್ಯಾರೆ ನೋಡಿ ಏನಾಗ್ಬೇಕು?"

ನಾನು ರಬ್ಬರು ತೆಗೆದುಕೊಂಡೆ.